‘ವಲಸೆ’ ಎಂಬ ಪದ ಮತ್ತು ಸುದ್ದಿಯ ಪಕ್ಷಪಾತ: ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯಿಂದ ಒಂದು ವಿವೇಚನೆ

ಪತ್ರಿಕೆ ಮತ್ತು ದೃಶ್ಯಮಾಧ್ಯಮಗಳ ಪಕ್ಷಪಾತವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆ ಸಾಮಾನ್ಯವಾಗಿ ಪಕ್ಷಗಳ ಹೆಸರಿನಲ್ಲಿಯೇ ಮುಗಿದುಹೋಗುತ್ತದೆ. ಯಾವ ಪತ್ರಿಕೆ ಯಾರ ಪರ, ಯಾವ ವಾಹಿನಿಯ ಒಡೆತನ ಯಾರದು, ಚುನಾವಣೆಯ ಹೊತ್ತಿನಲ್ಲಿ ಯಾರಿಗೆ ಎಷ್ಟು ಅಂಕಣ ದೊರೆಯಿತು ಎಂಬ ಲೆಕ್ಕಾಚಾರದ ಆಚೆಗೆ ವಿವೇಚನೆ ಬೆಳೆಯುವುದು ವಿರಳ. ಈ ಲೆಕ್ಕ ಅನವಶ್ಯಕವೆಂದಲ್ಲ. ಆದರೆ ಒಂದು ವರದಿ ತನ್ನ ಓದುಗನನ್ನು ಒಂದು ಪಕ್ಷಕ್ಕೆ ಒಲಿಸುವ ಮುನ್ನವೇ ಒಂದು ನಾಮಪದಕ್ಕೆ ಒಲಿಸಿರುತ್ತದೆ. ಒಬ್ಬ ಮನುಷ್ಯನನ್ನು ‘ಸಂತ್ರಸ್ತ’ ಎಂದು ಕರೆದಾಗ ಓದುಗನಲ್ಲಿ ಏಳುವ ಭಾವವೂ, ಅದೇ ಸ್ಥಿತಿಯಲ್ಲಿರುವ ಮತ್ತೊಬ್ಬನನ್ನು ‘ನುಸುಳುಕೋರ’ ಎಂದು ಕರೆದಾಗ ಏಳುವ ಭಾವವೂ ಒಂದೇ ಅಲ್ಲ. ಆಶ್ರಯ ಬೇಡಿ ಬಂದವರನ್ನು ಕುರಿತ ವಾಗ್ವಾದದಲ್ಲಿ ಈ ನಾಮಪದಗಳ ಕೆಲಸ ಎಷ್ಟು ದೊಡ್ಡದು ಎಂಬುದನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಹಾಗೂ ಮೂಡಲಗಿ ಸೀಮೆಯಲ್ಲಿ ನಿಂತು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯೇ ಏಕೆ ಎಂಬ ಪ್ರಶ್ನೆ ಸಹಜ. ಹೊರದೇಶದಿಂದ ಬಂದ ನಿರಾಶ್ರಿತರ ಶಿಬಿರ ಈ ಮೂರು ತಾಲ್ಲೂಕುಗಳಲ್ಲಿ ಇಲ್ಲ. ಅತಿ ಸಮೀಪದ ದೊಡ್ಡ ವಸಾಹತು ಉತ್ತರ ಕನ್ನಡದ ಮುಂಡಗೋಡದಲ್ಲಿದೆ. ಹೀಗಿದ್ದೂ 2019ರ ಜುಲೈಯಿಂದ 2020ರ ಜನವರಿಯವರೆಗಿನ ಏಳು ತಿಂಗಳಲ್ಲಿ ‘ವಲಸೆ’ ಎಂಬ ಒಂದೇ ಪದ ಮೂರು ಬೇರೆ ಬೇರೆ ಜನವರ್ಗಗಳ ಮೇಲೆ ಮೂರು ಬೇರೆ ತೂಕದಲ್ಲಿ ಬಿದ್ದದ್ದನ್ನು ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಾಗದು.

ಮೊದಲು ಪದವನ್ನೇ ನೋಡೋಣ. ಇಂದಿನ ಪತ್ರಿಕಾ ಕನ್ನಡದಲ್ಲಿ ‘ವಲಸೆ’ ಎಂದರೆ ಕೂಲಿಗಾಗಿ ಊರು ಬಿಡುವುದು, ಅಥವಾ ಚಳಿಗಾಲದಲ್ಲಿ ಹಕ್ಕಿಗಳು ಕೆರೆಗೆ ಬರುವುದು. ಹಳೆಯ ಬಳಕೆಯಲ್ಲಿ ಅದರ ಅರ್ಥ ಇದಲ್ಲ. ಶತ್ರುಸೈನ್ಯ ಬರುತ್ತಿದೆಯೆಂಬ ಭಯಕ್ಕೆ ಮನೆಮಾರು ಬಿಟ್ಟು, ದನಕರು ಹೊಡೆದುಕೊಂಡು ಊರಿಗೆ ಊರೇ ಹೊರಡುವುದನ್ನು ‘ವಲಸೆ’ ಎನ್ನುತ್ತಿದ್ದರು. ಕಿಟೆಲರ ನಿಘಂಟು ದಾಖಲಿಸುವುದೂ ಈ ಭಯದ ಅರ್ಥವನ್ನೇ. ಅಂದರೆ ಆಧುನಿಕ ಕಾನೂನು ಯಾರನ್ನು ಆಶ್ರಯಾಕಾಂಕ್ಷಿ ಎನ್ನುತ್ತದೆಯೋ ಅವನಿಗೆ ಕನ್ನಡದಲ್ಲಿ ಬಹಳ ಹಿಂದೆಯೇ ಒಂದು ಪದವಿತ್ತು. ಪ್ರಾಣಭಯ ಆ ಪದದ ತಿರುಳಾಗಿತ್ತು. ಆ ಭಯ ಪದದಿಂದ ಸೋರಿಹೋಗಿ ಕೇವಲ ಚಲನೆ ಉಳಿದದ್ದು ತೀರ ಈಚಿನ ಬೆಳವಣಿಗೆ.

ಇದಕ್ಕೆ ತದ್ವಿರುದ್ಧವಾದ ಪ್ರಯಾಣ ‘ಸಂತ್ರಸ್ತ’ ಎಂಬ ಪದದ್ದು. ಸಂಸ್ಕೃತದಲ್ಲಿ ಅದರ ಅರ್ಥ ‘ಹೆದರಿದವನು’ ಎಂದಷ್ಟೇ. ಉತ್ತರ ಕರ್ನಾಟಕದಲ್ಲಿ ಅದು ಮುಖ್ಯವಾಗಿ ನೆರೆ ಮತ್ತು ಅಣೆಕಟ್ಟಿಗೆ ಅಂಟಿಕೊಂಡಿದೆ: ನೆರೆ ಸಂತ್ರಸ್ತ, ಮುಳುಗಡೆ ಸಂತ್ರಸ್ತ. ಹೆದರಿಕೆ ಮರೆತುಹೋಗಿ ಪರಿಹಾರಕ್ಕೆ ಅರ್ಹತೆ ಎಂಬ ಆಡಳಿತದ ಅರ್ಥ ಅದಕ್ಕೆ ಸೇರಿತು. ಮೂರನೆಯ ಪದ ‘ಶರಣಾರ್ಥಿ’. ಹಿಂದಿಯಲ್ಲಿ ಇದು ನಿರಾಶ್ರಿತನಿಗಿರುವ ನಿತ್ಯದ ಹೆಸರು. ನಮ್ಮ ಸೀಮೆಯಲ್ಲಿ ಇದು ಇಬ್ಬರು ಎದುರಾದಾಗ ಕೈಮುಗಿದು ಹೇಳುವ ಮಾತು. ‘ಶರಣು’ ಎಂದವನಿಗೆ ‘ಶರಣಾರ್ಥಿ’ ಎನ್ನುವುದು ಶರಣಪರಂಪರೆಯ ಮನೆಗಳಲ್ಲಿ ಇಂದಿಗೂ ಉಳಿದ ರೂಢಿ. ತಾನೂ ಆಶ್ರಯ ಬೇಡುವವನೇ ಎಂದು ಒಪ್ಪಿಕೊಂಡು ಮಾತು ಆರಂಭಿಸುವ ಸಮಾಜವೊಂದರ ಸುದ್ದಿಭಾಷೆ ಆಶ್ರಯ ಬೇಡುವವನಿಗೆ ‘ನುಸುಳುಕೋರ’ ಎಂಬ ಪದವನ್ನು ಇಷ್ಟು ಸಲೀಸಾಗಿ ಹೇಗೆ ಒಗ್ಗಿಸಿಕೊಂಡಿತು ಎಂಬುದು ಭಾಷಾಶಾಸ್ತ್ರದ ಪ್ರಶ್ನೆ ಮಾತ್ರವಲ್ಲ.

ವ್ಯುತ್ಪತ್ತಿಯನ್ನು ಹಿಡಿದು ವಾದಿಸುವುದರ ಅಪಾಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. 2022ರ ನವೆಂಬರ್ 6ರಂದು ನಿಪ್ಪಾಣಿಯಲ್ಲಿ ಯಮಕನಮರಡಿ ಶಾಸಕ ಸತೀಶ ಜಾರಕಿಹೊಳಿಯವರು ‘ಹಿಂದೂ’ ಪದ ಪರ್ಷಿಯನ್ ಮೂಲದ್ದೆಂದೂ ಅದರ ಅರ್ಥ ಒಳ್ಳೆಯದಲ್ಲವೆಂದೂ ಆಡಿದ ಮಾತು ಕೆಲವು ದಿನ ರಾಜ್ಯದ ಎಲ್ಲ ವಾಹಿನಿಗಳನ್ನು ಆಕ್ರಮಿಸಿತು. ಅವರು ಮುಖ್ಯಮಂತ್ರಿಗೆ ಪತ್ರ ಬರೆದು ಹೇಳಿಕೆ ಹಿಂಪಡೆಯುವುದರೊಂದಿಗೆ ಅದು ತಣ್ಣಗಾಯಿತು. ಪದದ ಬೇರು ಅದರ ಇಂದಿನ ಬಾಳನ್ನು ನಿರ್ಧರಿಸುವುದಿಲ್ಲ ಎಂಬ ಸರಳ ಸತ್ಯವನ್ನು ಆಡಿದವರೂ ಮರೆತಿದ್ದರು, ಕೆರಳಿದವರೂ ಮರೆತಿದ್ದರು. ಆದ್ದರಿಂದ ಈ ಲೇಖನದಲ್ಲಿ ವ್ಯುತ್ಪತ್ತಿಗಿಂತ ಬಳಕೆಗೇ ಹೆಚ್ಚಿನ ಮಹತ್ವ.

2019ರ ಜುಲೈ ತಿಂಗಳಲ್ಲಿ ರಾಜ್ಯದ ಮೈತ್ರಿ ಸರ್ಕಾರ ಉರುಳಿತು. ಪಕ್ಷಾಂತರದ ಆರೋಪಕ್ಕೆ ಗುರಿಯಾದ 17 ಶಾಸಕರನ್ನು ವಿಧಾನಸಭಾಧ್ಯಕ್ಷರು ಅನರ್ಹಗೊಳಿಸಿದರು. ಜುಲೈ 25ರ ಮೊದಲ ಆದೇಶದಲ್ಲಿಯೇ ಗೋಕಾಕದ ರಮೇಶ ಜಾರಕಿಹೊಳಿ ಮತ್ತು ಅಥಣಿಯ ಮಹೇಶ ಕುಮಠಳ್ಳಿಯವರ ಹೆಸರುಗಳಿದ್ದವು. ಮುಂಬಯಿಯ ಹೋಟೆಲಿನಲ್ಲಿ ತಂಗಿದ್ದ ಈ ಗುಂಪಿಗೆ ಕನ್ನಡ ಪತ್ರಿಕೆಗಳು ಮೊದಲು ಕೊಟ್ಟ ಹೆಸರು ‘ಅತೃಪ್ತರು’, ಆಮೇಲೆ ‘ಅನರ್ಹರು’, ಹೊಸ ಪಕ್ಷ ಸೇರಿದ ಮೇಲೆ ‘ವಲಸಿಗರು’. ‘ಮೂಲ’ ಮತ್ತು ‘ವಲಸಿಗ’ ಎಂಬ ಜೋಡಿ ಪದ ಮುಂದಿನ ಹಲವು ವರ್ಷ ರಾಜಕೀಯ ವರದಿಗಾರಿಕೆಯ ಸಿದ್ಧ ಸಾಮಗ್ರಿಯಾಯಿತು. ವಲಸಿಗರಿಗೆ ಎಷ್ಟು ಸಚಿವಸ್ಥಾನ, ಮೂಲದವರಿಗೆ ಎಷ್ಟು ಎಂಬ ಶೀರ್ಷಿಕೆಗಳಲ್ಲಿ ‘ವಲಸಿಗ’ ಎಂಬುದು ಚೌಕಾಸಿಯ ಶಕ್ತಿಯುಳ್ಳವನ ಹೆಸರು. ಅದರಲ್ಲಿ ಸ್ವಲ್ಪ ವ್ಯಂಗ್ಯವಿತ್ತೇ ಹೊರತು ತಿರಸ್ಕಾರವಿರಲಿಲ್ಲ.

ಅನರ್ಹತೆಯ ಆದೇಶ ಹೊರಬಿದ್ದ ಎರಡು ವಾರದೊಳಗೆ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಉಕ್ಕಿದವು. 51 ಟಿ.ಎಂ.ಸಿ. ಸಾಮರ್ಥ್ಯದ ಹಿಡಕಲ್ ಜಲಾಶಯ ತುಂಬಿ ನೀರು ಹೊರಬಿಟ್ಟಾಗ ಗೋಕಾಕ ಪಟ್ಟಣದ ಹಳೆಯ ಭಾಗ ಜಲಾವೃತವಾಯಿತು, ಲೋಳಸೂರ ಸೇತುವೆ ಮುಳುಗಿತು, ಮೂಡಲಗಿ ತಾಲ್ಲೂಕಿನ ಮುಸಗುಪ್ಪಿಯಂಥ ನದಿದಂಡೆಯ ಹಳ್ಳಿಗಳು ಖಾಲಿಯಾದವು. ಆ ವಾರ ರಾಜ್ಯದಲ್ಲಿ ಮುಖ್ಯಮಂತ್ರಿಯೊಬ್ಬರನ್ನು ಬಿಟ್ಟರೆ ಸಂಪುಟವೇ ಇರಲಿಲ್ಲ, ಅದು ರಚನೆಯಾದದ್ದು ಆಗಸ್ಟ್ 20ರಂದು. ಗೋಕಾಕಕ್ಕೆ ಶಾಸಕರೂ ಇರಲಿಲ್ಲ. ಶಾಸಕ ‘ವಲಸೆ’ ಹೋದ ಕ್ಷೇತ್ರದ ಜನ ಅಕ್ಷರಶಃ ವಲಸೆ ಹೊರಟಿದ್ದರು. ಪದದ ಹಳೆಯ ಅರ್ಥದಲ್ಲಿಯೇ ಹೊರಟಿದ್ದರು, ಸೈನ್ಯದ ಬದಲು ನೀರು ಎಂಬಷ್ಟೇ ವ್ಯತ್ಯಾಸ. ಆದರೆ ಅವರಿಗೆ ಆ ಪದ ಸಿಗಲಿಲ್ಲ. ಅವರು ‘ಸಂತ್ರಸ್ತ’ರಾದರು. ತಕ್ಷಣದ ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂಬ ಸರ್ಕಾರದ ಘೋಷಣೆಯೊಂದಿಗೆ ಅವರ ವೃತ್ತಾಂತ ಮೊತ್ತಗಳ ವೃತ್ತಾಂತವಾಯಿತು.

ಹೀಗೆ ಹೇಳುವುದು ಆ ದಿನಗಳ ವರದಿಗಾರಿಕೆಯನ್ನು ಹೀಗಳೆಯಲಿಕ್ಕಲ್ಲ. ಜಿಲ್ಲೆಯ ಕನ್ನಡ, ಮರಾಠಿ ಪತ್ರಿಕೆಗಳೆರಡೂ ಆಗಸ್ಟ್ ತಿಂಗಳಲ್ಲಿ ಮೆಚ್ಚಬೇಕಾದ ಕೆಲಸ ಮಾಡಿದವು. ಕೇಂದ್ರದ ನೆರವು ಬರಲು ಅಕ್ಟೋಬರ್ ಆದಾಗ ಆಳುವ ಪಕ್ಷದ ಬೆಂಬಲಿಗರಿಂದಲೇ ಅಸಮಾಧಾನ ಕೇಳಿಬಂದು ಅದಕ್ಕೂ ಜಾಗ ದೊರೆಯಿತು. ಗಮನಿಸಬೇಕಾದದ್ದು ಸುದ್ದಿಯ ಆಯುಸ್ಸನ್ನು. ಅಕ್ಟೋಬರಿನಲ್ಲಿ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮೇಲೆ ಬೃಹತ್ ಬಂಡೆಗಳು ಉರುಳುವ ಸ್ಥಿತಿಯಲ್ಲಿದ್ದಾಗ ಕ್ಯಾಮರಾಗಳು ಮತ್ತೆ ಬಂದವು. ಬಂಡೆ ಉರುಳದ ಕಾರಣ ಹೊರಟುಹೋದವು. ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟ ಮೇಲೆ ಗೋಕಾಕ ಮತ್ತೊಮ್ಮೆ ದೊಡ್ಡ ಸುದ್ದಿಯಾಯಿತು. ಈ ಬಾರಿ ಅಣ್ಣ ರಮೇಶರು ಬಿ.ಜೆ.ಪಿ.ಯಿಂದಲೂ ತಮ್ಮ ಲಖನ್ ಕಾಂಗ್ರೆಸ್ಸಿನಿಂದಲೂ ಕಣಕ್ಕಿಳಿದ ‘ಸಹೋದರರ ಕಾಳಗ’. ರಾಜಕೀಯ ಧ್ರುವೀಕರಣ ಎಂಬ ಮಾತನ್ನು ಸಿದ್ಧಾಂತಗಳ ಘರ್ಷಣೆಯೆಂದು ತಿಳಿದು ಬರೆಯುವವರು ಈ ಚುನಾವಣೆಯನ್ನು ಅಭ್ಯಾಸ ಮಾಡಬೇಕು. ಒಂದೇ ಮನೆಯ ಜನ ಎರಡು ಧ್ರುವಗಳಲ್ಲಿ ನಿಂತಾಗ ಜನ ಆಯ್ದದ್ದು ಸಿದ್ಧಾಂತವನ್ನೇ ಎಂದು ಹೇಳುವುದು ಕಷ್ಟ.

ಡಿಸೆಂಬರ್ 9ರಂದು ಮತ ಎಣಿಕೆ. 15 ಸ್ಥಾನಗಳಲ್ಲಿ 12 ಆಳುವ ಪಕ್ಷಕ್ಕೆ ಬಂದವು, ಗೋಕಾಕದಲ್ಲಿ ರಮೇಶ ಗೆದ್ದರು. ಅದೇ ದಿನ ದಿಲ್ಲಿಯಲ್ಲಿ ಪೌರತ್ವ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಗಿ ಮಧ್ಯರಾತ್ರಿಯ ಹೊತ್ತಿಗೆ ಅಂಗೀಕಾರ ಪಡೆಯಿತು. ಮರುದಿನ ಕನ್ನಡ ಓದುಗನ ಕೈಗೆ ಬಂದ ಪತ್ರಿಕೆಯ ಒಂದೇ ಮುಖಪುಟದಲ್ಲಿ ಗೆದ್ದ ವಲಸಿಗರೂ ಅನುಮಾನಕ್ಕೆ ಒಳಗಾಗಲಿದ್ದ ವಲಸಿಗರೂ ಅಕ್ಕಪಕ್ಕ ಸೇರುವಂತಾಯಿತು. ಒಂದು ಅಂಕಣದ ವಲಸಿಗ ಮಂತ್ರಿಯಾಗಲಿರುವವನು. ಇನ್ನೊಂದು ಅಂಕಣದಲ್ಲಿ ಅದೇ ನಾಮಪದಕ್ಕೆ ‘ಅಕ್ರಮ’ ಎಂಬ ವಿಶೇಷಣ ಸೇರಿತ್ತು.

ಆ ಮಸೂದೆಯ ಸುತ್ತಲಿನ ಚರ್ಚೆಯಲ್ಲಿ ಕರ್ನಾಟಕಕ್ಕೆ ಹೇಳಲು ತನ್ನದೇ ಆದ ಅನುಭವವಿತ್ತು, ಅದು ಹೆಚ್ಚಾಗಿ ಹೇಳದೆಯೇ ಉಳಿಯಿತು. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, 1967ರ ಪೂರಕ ಒಪ್ಪಂದಕ್ಕೂ ಇಲ್ಲ. ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನನ್ನೂ ನಾವು ಮಾಡಿಲ್ಲ. 1946ರ ವಿದೇಶಿಯರ ಕಾಯ್ದೆ 2025ರಲ್ಲಿ ಹೊಸ ಕಾಯ್ದೆಗೆ ಎಡೆಮಾಡಿಕೊಡುವವರೆಗೂ ಪ್ರವಾಸಕ್ಕೆ ಬಂದು ಗಡುವು ಮೀರಿದವನಿಗೂ ಪ್ರಾಣ ಉಳಿಸಿಕೊಳ್ಳಲು ಓಡಿಬಂದವನಿಗೂ ಅನ್ವಯವಾಗುತ್ತಿದ್ದ ಕಾನೂನು ಒಂದೇ. ಕಾನೂನಿನಲ್ಲಿ ವರ್ಗವೇ ಇಲ್ಲದ ಕಡೆ ವರ್ಗವನ್ನು ಸೃಷ್ಟಿಸುವ ಹೊಣೆ ಆಡಳಿತದ ಮರ್ಜಿಗೂ ಸುದ್ದಿಯ ಭಾಷೆಗೂ ಬೀಳುತ್ತದೆ. ಹೀಗಾಗಿ ಇಲ್ಲಿ ಪತ್ರಿಕೆಯ ಪದ ಕೇವಲ ಪದವಾಗಿ ಉಳಿಯುವುದಿಲ್ಲ.

ಮೈಸೂರು ರಾಜ್ಯ 1960ರಲ್ಲಿ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ನೆಲವನ್ನು ಟಿಬೆಟ್ಟಿನಿಂದ ಬಂದವರಿಗೆ ಕೊಟ್ಟಿತು. 1966ರಲ್ಲಿ ಮುಂಡಗೋಡ, 1970ರ ದಶಕದ ಮೊದಲಲ್ಲಿ ಹುಣಸೂರು ಹಾಗೂ ಕೊಳ್ಳೇಗಾಲದ ವಸಾಹತುಗಳು ಸೇರಿದವು. ಮುಂಡಗೋಡದ ಸುತ್ತಲಿನ ಜನ ಅದನ್ನು ‘ಲಾಮಾ ಕ್ಯಾಂಪ್’ ಎಂದರು, ಗೋವಿನಜೋಳದ ಹೊಲದಲ್ಲಿ ಜತೆಯಾಗಿ ದುಡಿದರು. ಚಳಿಗಾಲದಲ್ಲಿ ನಮ್ಮ ಪಟ್ಟಣಗಳಿಗೆ ಉಣ್ಣೆಯ ಅಂಗಿ ಮಾರಲು ಬರುತ್ತಿದ್ದ ಟಿಬೆಟಿಯನ್ ಹೆಂಗಸರನ್ನು ಯಾವ ಪತ್ರಿಕೆಯೂ ಸಮಸ್ಯೆಯೆಂದು ಕರೆದಂತಿಲ್ಲ. ಇನ್ನು ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು. ಪೂರ್ವ ಪಾಕಿಸ್ತಾನದಿಂದ ಬಂದ, ಬಹುಪಾಲು ನಾಮಶೂದ್ರ ಸಮುದಾಯದ ಬಂಗಾಳಿ ಕುಟುಂಬಗಳಿಗೆ 1970ರ ದಶಕದಲ್ಲಿ ಅಲ್ಲಿ ಜಮೀನು ಕೊಡಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಅವರು ಬೇರೂರಿದರು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾಗಿರುವ ಈ ಸಮುದಾಯಕ್ಕೆ ಕರ್ನಾಟಕದಲ್ಲಿ ಆ ಮಾನ್ಯತೆ ಇಲ್ಲ ಎಂಬುದು ಅವರ ಹಳೆಯ ದೂರು.

2019ರ ಕಾಯ್ದೆ ಪಾಕಿಸ್ತಾನ, ಅಫ್ಘಾನಿಸ್ತಾನ, ಬಾಂಗ್ಲಾದೇಶಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮದವರಿಗೆ ದಾರಿ ತೆರೆಯಿತು. ಮುಸ್ಲಿಮರನ್ನು ಅದು ಹೊರಗಿಟ್ಟದ್ದರ ಬಗ್ಗೆ ದೇಶವೆಲ್ಲ ಚರ್ಚಿಸಿತು, ಚರ್ಚಿಸಬೇಕಾದದ್ದೇ. ಆದರೆ ಆರು ಧರ್ಮಗಳಲ್ಲಿ ಬೌದ್ಧಧರ್ಮ ಇದ್ದೂ ಮುಂಡಗೋಡದ ಬೌದ್ಧರಿಗೆ ಆ ಕಾಯ್ದೆಯಲ್ಲಿ ಜಾಗವಿರಲಿಲ್ಲ, ಏಕೆಂದರೆ ಟಿಬೆಟ್ ಆ ಮೂರು ದೇಶಗಳ ಪಟ್ಟಿಯಲ್ಲಿ ಇಲ್ಲ. ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಜನಿಸಿದವರು ಹುಟ್ಟಿನಿಂದಲೇ ಪೌರರು ಎಂಬ ನಿಲುವಿಗೆ ದಿಲ್ಲಿ ಉಚ್ಚ ನ್ಯಾಯಾಲಯ 2010ರಲ್ಲಿಯೂ ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿಯೂ ಬಂದಿದ್ದವು. ಇಷ್ಟು ಸಾಮಗ್ರಿ ನಮ್ಮ ಮನೆಯಂಗಳದಲ್ಲಿಯೇ ಇರುವಾಗ ಕನ್ನಡದ ಸ್ಟುಡಿಯೋ ಚರ್ಚೆಗಳು ಅಸ್ಸಾಮಿನ ಗಡಿಯನ್ನೂ ದಿಲ್ಲಿಯ ಶಾಹೀನ್ ಬಾಗನ್ನೂ ಅನುವಾದಿಸುತ್ತ ಕುಳಿತವು.

ಈ ಮಾತಿನಲ್ಲಿ ಒಂದು ಬದಿಯನ್ನಷ್ಟೇ ದೂಷಿಸುವುದು ನ್ಯಾಯವಾಗದು. ಕಾಯ್ದೆಯನ್ನು ಬೆಂಬಲಿಸಿದವರು ಸಿಂಧನೂರಿನ ಬಂಗಾಳಿಗಳನ್ನು ಆ ತಿಂಗಳಲ್ಲಿ ಥಟ್ಟನೆ ನೆನೆದರು, ಅವರ ಜಾತಿ ಪ್ರಮಾಣಪತ್ರದ ಪ್ರಶ್ನೆಯನ್ನು ನೆನೆಯಲಿಲ್ಲ. ವಿರೋಧಿಸಿದ ಪ್ರಗತಿಪರ ಬರಹಗಾರರು ಸಂವಿಧಾನದ ಸಮಾನತೆಯ ತತ್ತ್ವವನ್ನು ಸರಿಯಾಗಿಯೇ ಎತ್ತಿಹಿಡಿದರು. ಆದರೆ ದಶಕಗಳ ಕಾಲ ಕಾಗದಕ್ಕಾಗಿ ಕಾದ ದಲಿತ ನಿರಾಶ್ರಿತರು ತಮ್ಮದೇ ರಾಜ್ಯದಲ್ಲಿದ್ದಾರೆಂಬುದು ಅವರ ವಾದದ ಒಳಗೆ ಬರಲಿಲ್ಲ. ಬಂದಿದ್ದರೆ ವಾದ ಸ್ವಲ್ಪ ತೊಡಕಾಗುತ್ತಿತ್ತು, ಹೆಚ್ಚು ಗಟ್ಟಿಯೂ ಆಗುತ್ತಿತ್ತು. ಎರಡೂ ಬದಿಗೆ ನಿರಾಶ್ರಿತ ಒಂದು ಉದಾಹರಣೆಯಾಗಿ ಬೇಕಿತ್ತು. ಅವನ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟ ವರದಿಗಳನ್ನು ಹುಡುಕಿ ತೆಗೆಯಬೇಕಾದಷ್ಟು ಅವು ವಿರಳ. ಧ್ರುವೀಕರಣವೆಂದರೆ ಎರಡು ಅಭಿಪ್ರಾಯಗಳ ನಡುವಿನ ದೂರ ಹೆಚ್ಚುವುದು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಇಲ್ಲಿ ಕಾಣುವುದು ಇನ್ನೊಂದು ಲಕ್ಷಣ: ಎರಡೂ ಅಭಿಪ್ರಾಯಗಳು ಒಂದೇ ಬಗೆಯ ಮೌನವನ್ನು ಹಂಚಿಕೊಳ್ಳುವುದು.

ಸಂಖ್ಯೆಯ ವಿಚಾರವನ್ನೂ ನೋಡಬಹುದು. ರೋಹಿಂಗ್ಯಾಗಳ ಗಡೀಪಾರು ಕೋರಿದ ಅರ್ಜಿಯಲ್ಲಿ ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಪ್ರಮಾಣಪತ್ರ ಸಲ್ಲಿಸಿ ಬೆಂಗಳೂರಿನಲ್ಲಿ ಗುರುತಿಸಲಾದ ರೋಹಿಂಗ್ಯಾಗಳು 72 ಮಂದಿ ಎಂದಿತು. ಅವರನ್ನು ಕೂಡಲೇ ಗಡೀಪಾರು ಮಾಡುವ ಯೋಜನೆ ಇಲ್ಲವೆಂದು ಮೊದಲು ಹೇಳಿ, ಕೆಲವೇ ದಿನಗಳಲ್ಲಿ ಪರಿಷ್ಕೃತ ಪ್ರಮಾಣಪತ್ರದಲ್ಲಿ ನ್ಯಾಯಾಲಯದ ಆದೇಶವನ್ನು ಪಾಲಿಸುವುದಾಗಿ ಬದಲಿಸಿತು. 72 ಜನ ಎಂದರೆ ಗೋಕಾಕದಿಂದ ಬೆಳಗಾವಿಗೆ ಹೊರಡುವ ಬೆಳಗಿನ ಒಂದು ಬಸ್ಸಿನಲ್ಲಿ ಒತ್ತಿಕೊಂಡು ಹೋಗುವಷ್ಟು. ‘ಪ್ರವಾಹ’, ‘ಹಾವಳಿ’ ಮುಂತಾದ ರೂಪಕಗಳನ್ನು ಈ ಜನರ ಮೇಲೆ ಬಳಸಿದ ಭಾಷೆ, ನಿಜವಾದ ಪ್ರವಾಹದಲ್ಲಿ ಮನೆ ಕಳೆದುಕೊಂಡವರ ಜಿಲ್ಲೆಗೂ ಅದೇ ಭಾಷೆಯಾಗಿ ತಲುಪಿತು.

ಪದ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಎರಡು ಪ್ರಸಂಗಗಳನ್ನು ಉಲ್ಲೇಖಿಸಬೇಕು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗೋಲಿಬಾರಿಗೆ ಇಬ್ಬರು ಬಲಿಯಾದರು. ಮರುದಿನ ವೆನ್ಲಾಕ್ ಆಸ್ಪತ್ರೆಯ ಬಳಿ ವರದಿಗೆ ಬಂದಿದ್ದ ಕೇರಳದ ಪತ್ರಕರ್ತರನ್ನು ಪೊಲೀಸರು ಗಂಟೆಗಟ್ಟಲೆ ತಡೆದಿಟ್ಟು ಬಳಿಕ ಕೇರಳದ ಗಡಿಗೆ ತಂದು ಬಿಟ್ಟರು. ಕೆಲವು ಕನ್ನಡ ವಾಹಿನಿಗಳು ಅವರನ್ನು ‘ನಕಲಿ ಪತ್ರಕರ್ತರು’ ಎಂದು ಬಿತ್ತರಿಸಿದವು. ಕಾಸರಗೋಡಿನ ಕನ್ನಡಿಗರು ದಿನವೂ ದಾಟುವ ಗಡಿಯೊಂದನ್ನು ದಾಟಿ ಬಂದ ವೃತ್ತಿಬಾಂಧವರು ಒಂದೇ ಬೆಳಗಿನಲ್ಲಿ ‘ನುಸುಳಿದವರು’ ಆದರು. ಪತ್ರಕರ್ತರೇ ಪತ್ರಕರ್ತರ ಮೇಲೆ ಪದ ಪ್ರಯೋಗಿಸಿದ ಈ ಪ್ರಸಂಗ ನಮ್ಮ ಮಾಧ್ಯಮ ಚರಿತ್ರೆಯಲ್ಲಿ ದಾಖಲಾಗಬೇಕಾದದ್ದು.

ಎರಡನೆಯದು ಈ ಸೀಮೆಗೆ ಹೆಚ್ಚು ಹತ್ತಿರದ್ದು. 2020ರ ಜನವರಿ 12ರಂದು ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಜೋಪಡಿಗಳಲ್ಲಿ ಬಾಂಗ್ಲಾದೇಶೀಯರು ನೆಲೆಸಿದ್ದಾರೆಂಬ ವಿಡಿಯೊ ಒಂದು ಸ್ಥಳೀಯ ಶಾಸಕರ ಮೂಲಕ ಹರಡಿತು. ಒಂದು ವಾರದೊಳಗೆ, 19ರಂದು, ಆ ಜೋಪಡಿಗಳನ್ನು ಯಂತ್ರಗಳಿಂದ ನೆಲಸಮ ಮಾಡಲಾಯಿತು. ಮನೆ ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದ ಕೂಲಿಗಾರರಿದ್ದರು. ಮತದಾರರ ಗುರುತಿನ ಚೀಟಿ, ಆಧಾರ್ ಹಿಡಿದು ನಿಂತ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ರಾಜ್ಯದ ಉಚ್ಚ ನ್ಯಾಯಾಲಯ ಮಧ್ಯೆ ಪ್ರವೇಶಿಸಿ ತೆರವನ್ನು ತಡೆಯಿತು. ಮೇಲ್ನೋಟಕ್ಕೆ ಪೊಲೀಸರ ಕ್ರಮ ಕಾನೂನುಬಾಹಿರವೆಂದು ಕಂಡುಕೊಂಡು, ಹೊರದಬ್ಬಿಸಿಕೊಂಡವರ ಪುನರ್ವಸತಿಯ ಬಗ್ಗೆ ಸರ್ಕಾರವನ್ನು ಕೇಳಿತು. ಐದು ತಿಂಗಳ ಹಿಂದೆ ಉತ್ತರ ಕರ್ನಾಟಕದ ನೀರಿನಲ್ಲಿ ನಿಂತವನಿಗೆ ‘ಸಂತ್ರಸ್ತ’ ಎಂದ ಸುದ್ದಿಭಾಷೆ, ಅದೇ ಭಾಗದಿಂದ ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದು ನೀಲಿ ತಾಡಪತ್ರಿಯ ಕೆಳಗೆ ಮಲಗಿದವನಿಗೆ ‘ನುಸುಳುಕೋರ’ ಎಂದಿತು. ಯಾರೂ ಬೇಕೆಂದು ಅವನನ್ನು ಗುರಿ ಮಾಡಿರಲಿಲ್ಲ. ಪದ ಸಿದ್ಧವಾಗಿತ್ತು, ತಾಡಪತ್ರಿ ಕಂಡಿತು, ಅಷ್ಟೆ.

ಇಂಥ ಪದಗಳಿಗೆ ಬೆಳಗಾವಿ ಜಿಲ್ಲೆಯ ಓದುಗ ಹೊಸಬನಲ್ಲ. ಬಾಬುರಾವ್ ಠಾಕೂರರು 1919ರಲ್ಲಿ ಆರಂಭಿಸಿದ ‘ತರುಣ ಭಾರತ’ ಒಂದು ಕಡೆ, ಬೆಳಗಾವಿಯಲ್ಲಿಯೇ ಹುಟ್ಟಿ ಹುಬ್ಬಳ್ಳಿಗೆ ಹೋದ ‘ಸಂಯುಕ್ತ ಕರ್ನಾಟಕ’ವೂ ಅನಂತರದ ಕನ್ನಡ ಪತ್ರಿಕೆಗಳೂ ಇನ್ನೊಂದು ಕಡೆ ನಿಂತು ಗಡಿವಿವಾದವನ್ನು ತಲೆಮಾರುಗಳ ಕಾಲ ಎರಡು ಕಥೆಗಳಾಗಿ ಹೇಳಿವೆ. ಮಹಾಜನ ಆಯೋಗ 1967ರ ವರದಿಯಲ್ಲಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ 247 ಹಳ್ಳಿಗಳನ್ನು ಕರ್ನಾಟಕಕ್ಕೂ ಸೂಚಿಸಿ ಬೆಳಗಾವಿಯನ್ನು ಇಲ್ಲಿಯೇ ಉಳಿಸಿತು. ಒಂದು ಬದಿಗೆ ಅದು ಅಂತಿಮ ತೀರ್ಪು, ಇನ್ನೊಂದು ಬದಿಗೆ ಅನ್ಯಾಯ. 2014ರ ಜುಲೈಯಲ್ಲಿ ಯಳ್ಳೂರಿನ ನಾಮಫಲಕ ತೆರವು ಮಾಡಿದಾಗ ಕನ್ನಡ ಪತ್ರಿಕೆಯ ಓದುಗನೂ ಮರಾಠಿ ಪತ್ರಿಕೆಯ ಓದುಗನೂ ಒಂದೇ ಘಟನೆಯನ್ನು ಓದಿದಂತಿರಲಿಲ್ಲ. ‘ನಾಡದ್ರೋಹಿ’ ಎಂಬ ವಿಶೇಷಣ ಕನ್ನಡದ ಕಡೆ ಎಷ್ಟು ರೂಢವಾಗಿದೆಯೆಂದರೆ ಅದನ್ನು ಉದ್ಧರಣ ಚಿಹ್ನೆಯಿಲ್ಲದೆ ವರದಿಯ ವಾಕ್ಯದಲ್ಲಿಯೇ ಬಳಸಲಾಗುತ್ತದೆ. ಮನುಷ್ಯನನ್ನು ಅವನು ನಿಂತ ನೆಲದ ಒಡೆತನದ ಮೂಲಕ ಓದುವ ಅಭ್ಯಾಸ ಗಡಿಜಿಲ್ಲೆಯ ಪತ್ರಿಕೋದ್ಯಮದಲ್ಲಿ ಹೀಗೆ ಬೇರೂರಿತು. ರಾಷ್ಟ್ರದ ಗಡಿಯ ಚರ್ಚೆ ಬಂದಾಗ ಆ ಅಭ್ಯಾಸ ತನ್ನ ವಿಷಯವನ್ನಷ್ಟೇ ಬದಲಿಸಿಕೊಂಡಿತು ಎಂಬುದು ನನ್ನ ಗ್ರಹಿಕೆ. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ ಆಡುವ ಸಂಕೇಶ್ವರದ ವ್ಯಾಪಾರಿಗೆ ಈ ಎರಡು ಕಥೆಗಳಲ್ಲಿ ಯಾವುದೂ ಪೂರ್ತಿ ತನ್ನದಲ್ಲ. ಅವನು ಎರಡೂ ಪತ್ರಿಕೆ ಓದಿ ಸುಮ್ಮನಿರುತ್ತಾನೆ.

ಸುದ್ದಿಯ ಪಕ್ಷಪಾತದ ಮೂಲ ಎಲ್ಲಿದೆ ಎಂಬ ಪ್ರಶ್ನೆಗೆ ಈ ಸೀಮೆಯ ಲೇಖಕರೊಬ್ಬರು ಬಹಳ ಹಿಂದೆಯೇ ಉತ್ತರ ಹುಡುಕಿದ್ದಾರೆ. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ ಸ್ವತಃ ಪತ್ರಕರ್ತರಾಗಿದ್ದವರು. 1951ರಲ್ಲಿ ಪ್ರಕಟವಾದ ಅವರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿ ಪತ್ರಿಕಾಲಯದ ಒಳಗಿನ ದುಡಿಮೆ ಮತ್ತು ಶೋಷಣೆಯನ್ನು ವಸ್ತುವಾಗಿಸಿತು, 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿಯನ್ನೂ ಪಡೆಯಿತು. ಕನ್ನಡ ವಿಮರ್ಶೆ ಅದನ್ನು ಪ್ರಗತಿಶೀಲ ಘಟ್ಟದ ಕೃತಿಯೆಂದು ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡಿದೆ. ಪತ್ರಿಕೆಯ ನಿಲುವನ್ನು ಅರಿಯಲು ಸಂಪಾದಕೀಯವನ್ನು ಓದುವುದಕ್ಕಿಂತ ಉಪಸಂಪಾದಕನ ಸಂಬಳವನ್ನು ವಿಚಾರಿಸಬೇಕು ಎಂಬ ಒಳನೋಟ ಅದರ ನಿಜವಾದ ಕೊಡುಗೆ. ಇಂದು ತಾಲ್ಲೂಕು ಮಟ್ಟದ ವರದಿಗಾರರಲ್ಲಿ ಬಹುಪಾಲು ಜನ ಪೂರ್ಣಾವಧಿ ನೌಕರರಲ್ಲ. ಸಣ್ಣ ಗೌರವಧನ, ಜಾಹೀರಾತಿನ ಕಮಿಷನ್ ಇವೇ ಅವರ ಆದಾಯ. ಜಾಹೀರಾತು ಕೊಡುವವರು ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಹುಟ್ಟುಹಬ್ಬದ ಶುಭಾಶಯ ಕೋರುವ ಮುಖಂಡರು. ಇಂಥ ವರದಿಗಾರ ಸ್ಥಳೀಯ ಶಕ್ತಿಗಳ ಬಗ್ಗೆ ಬರೆಯುವಾಗ ಅಳೆದು ಬರೆಯುತ್ತಾನೆ. ಬಾಂಗ್ಲಾದೇಶೀಯನ ಬಗ್ಗೆ, ರೋಹಿಂಗ್ಯಾನ ಬಗ್ಗೆ ಅಳೆಯಬೇಕಾಗಿಲ್ಲ. ಅವನು ಜಾಹೀರಾತು ಕೊಡುವವನೂ ಅಲ್ಲ, ಓದುಗನೂ ಅಲ್ಲ, ಮತದಾರನೂ ಅಲ್ಲ. ನಿರ್ಭೀತ ಪತ್ರಿಕೋದ್ಯಮದ ಭಂಗಿಯನ್ನು ಖರ್ಚಿಲ್ಲದೆ ತೋರಬಹುದಾದ ಏಕೈಕ ವಿಷಯ ಅವನು. ದ್ವೇಷಕ್ಕಿಂತ ಈ ಅಗ್ಗತನವೇ ನಮ್ಮ ಸುದ್ದಿಭಾಷೆಯನ್ನು ಹೆಚ್ಚು ಕೆಡಿಸಿದೆ.

ಅಪರಿಚಿತನನ್ನು ಊರು ಹೇಗೆ ನೋಡಬೇಕು ಎಂಬುದಕ್ಕೆ ಈ ಸೀಮೆಯ ರಂಗಭೂಮಿಯಲ್ಲಿ ಬೇರೆಯದೇ ಒಂದು ಕ್ರಮವಿತ್ತು. ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ ಶ್ರೀಕೃಷ್ಣ ಪಾರಿಜಾತವನ್ನು ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಬೆಳೆಸಿದರು. ಅದರಲ್ಲಿ ಕೃಷ್ಣ ಬಾಗಿಲಿಗೆ ಬರುವುದು ಕೊರವಂಜಿಯ ವೇಷದಲ್ಲಿ. ಅಲೆಮಾರಿ ಹೆಣ್ಣಿಗೆ ಮಾತನಾಡಲು ದೀರ್ಘವಾದ ಸಮಯ ಸಿಗುತ್ತದೆ, ಕೇಳುವವರು ಅವಳನ್ನು ಕೆಣಕುತ್ತಾರೆ, ನಗುತ್ತಾರೆ, ಆದರೆ ಪೂರ್ತಿ ಕೇಳುತ್ತಾರೆ. ಇದನ್ನು ಗ್ರಾಮಜೀವನದ ಔದಾರ್ಯಕ್ಕೆ ಸಾಕ್ಷಿಯಾಗಿ ಬಳಸಲು ನಾನು ಸಿದ್ಧನಿಲ್ಲ. ಆಟದಲ್ಲಿ ಕೊರವಂಜಿಯನ್ನು ಕೇಳಿಸಿಕೊಂಡ ಸಮಾಜವೇ ದಿನದ ಬೆಳಕಿನಲ್ಲಿ ಅವಳ ಜನರನ್ನು ಊರಾಚೆ ಇಟ್ಟಿತು. ಮುಂಬಯಿ ಪ್ರಾಂತದ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಅಲೆಮಾರಿಗಳನ್ನು ಹುಬ್ಬಳ್ಳಿ, ಗದಗ, ವಿಜಯಪುರಗಳ ತಂತಿಬೇಲಿಯ ವಸಾಹತುಗಳಿಗೆ ಸೇರಿಸಿತು. ಆ ಕಾಯ್ದೆ 1952ರಲ್ಲಿ ರದ್ದಾದರೂ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಉಳಿಯಿತು. 2018ರ ಜುಲೈಯಲ್ಲಿ ಮಕ್ಕಳ ಕಳ್ಳರೆಂಬ ಮೊಬೈಲ್ ವದಂತಿ ಮಹಾರಾಷ್ಟ್ರದ ಧುಳೆಯ ರೈನಪಾಡಾದಲ್ಲಿ ಸೊಲ್ಲಾಪುರ ಸೀಮೆಯ ಐವರು ಗೋಸಾವಿ ಅಲೆಮಾರಿಗಳನ್ನೂ, ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದ ಯುವಕನೊಬ್ಬನನ್ನೂ ಬಲಿ ತೆಗೆದುಕೊಂಡಿತು. ಹಳೆಯ ಕಾಯ್ದೆಯ ಅನುಮಾನಕ್ಕೆ ಹೊಸ ವಾಹನ ಸಿಕ್ಕಿತ್ತು. ಪಾರಿಜಾತದಿಂದ ಕಲಿಯಬಹುದಾದದ್ದು ಔದಾರ್ಯವನ್ನಲ್ಲ, ರಚನೆಯನ್ನು: ಬಂದವಳ ಮಾತು ಮುಗಿಯುವವರೆಗೆ ಅವಳು ಯಾರೆಂಬ ನಿರ್ಣಯವನ್ನು ತಡೆಹಿಡಿಯುವ ರಚನೆ. ಸುದ್ದಿಯ ಶೀರ್ಷಿಕೆ ಮಾಡುವುದು ಇದರ ಪೂರ್ತಿ ಹಿಮ್ಮುಖವನ್ನು.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರ ಶಿವಾಪುರದ ಕಥೆಗಳನ್ನೂ ಈ ದೃಷ್ಟಿಯಿಂದ ಮತ್ತೊಮ್ಮೆ ಓದುವ ಅಗತ್ಯವಿದೆ. ಹೊರಗಿನಿಂದ ಬಂದದ್ದು ಊರನ್ನು ಕಲಕುವ ವಸ್ತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ವಸಾಹತುಶಾಹಿಯ ರೂಪಕವೆಂದು ಬಿಡಿಸಿದ ವಿಮರ್ಶೆ ಸಾಕಷ್ಟು ಬಂದಿದೆ. ಹೊರಗಿನವನು ಬಡವನಾಗಿ, ಕೈಚಾಚಿ ಬಂದಾಗ ಶಿವಾಪುರ ಏನು ಮಾಡುತ್ತದೆ ಎಂಬ ಪ್ರಶ್ನೆ ಇನ್ನೂ ಕೇಳಬೇಕಾಗಿದೆ. ಅದು ಬೇರೆಯೇ ಲೇಖನದ ವಿಷಯ.

ಸಂಶೋಧಕರಿಗೆ ಈ ವಿಷಯದಲ್ಲಿ ಒಂದು ಪ್ರಾಯೋಗಿಕ ತೊಡಕಿದೆ. ರಾಜಧಾನಿಯ ಆವೃತ್ತಿಗಳು ಗ್ರಂಥಾಲಯಗಳಲ್ಲಿ ಸಂಪುಟಗಳಾಗಿ ಉಳಿಯುತ್ತವೆ. ಬೆಳಗಾವಿ ಆವೃತ್ತಿಯ ಒಳಪುಟಗಳು, ತಾಲ್ಲೂಕು ಕೇಂದ್ರಗಳ ವಾರಪತ್ರಿಕೆಗಳು, ಜಿಲ್ಲೆಯ ಮರಾಠಿ ಪತ್ರಿಕೆಗಳು ಕನ್ನಡ ಸಂಶೋಧಕನ ಮೇಜಿಗೆ ಬರುವುದು ಅಪರೂಪ. ವಾಹಿನಿಗಳ ಚರ್ಚೆಗಳಂತೂ ಬಿತ್ತರವಾದ ಮರುಗಳಿಗೆಯೇ ಬಹುತೇಕ ಕಾಣೆ. ಯಾವ ಪದ ಯಾವ ದಿನ ಯಾರ ಮೇಲೆ ಬಿತ್ತು ಎಂಬುದನ್ನು ತೋರಿಸಬೇಕಾದ ಆಕರವೇ ಹೀಗೆ ಚದುರಿದಾಗ ಪಕ್ಷಪಾತದ ಆರೋಪ ಮತ್ತು ನಿರಾಕರಣೆ ಎರಡೂ ನೆನಪಿನ ಮೇಲೆ ನಡೆಯುತ್ತವೆ. ಬೆಳಗಾವಿಯ ವಿಶ್ವವಿದ್ಯಾಲಯವಾಗಲಿ ಅಕಾಡೆಮಿಯಾಗಲಿ 2019ರ ಜುಲೈಯಿಂದ 2020ರ ಮಾರ್ಚಿಯವರೆಗಿನ ಜಿಲ್ಲೆಯ ಎರಡೂ ಭಾಷೆಗಳ ಪತ್ರಿಕೆಗಳನ್ನು ಒಂದೆಡೆ ಕಲೆಹಾಕಿದರೆ ‘ವಲಸೆ’ ಪದದ ಮೇಲೆ ಮಾತ್ರವೇ ಒಂದು ಮಹಾಪ್ರಬಂಧ ಸಿದ್ಧವಾಗಬಲ್ಲದು.

ಆ ಕೆಲಸ ಕೈಗೊಳ್ಳುವವರು ಇನ್ನೊಂದು ವರ್ಗವನ್ನು ಬಿಡಬಾರದು. ಪ್ರತಿವರ್ಷ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದ ಕೂಡಲೇ ಮಹಾರಾಷ್ಟ್ರದ ಬೀಡದಿಂದ, ವಿಜಯಪುರದ ಒಣ ಹೋಬಳಿಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಘಟಪ್ರಭಾ, ಹಿರಣ್ಯಕೇಶಿಯ ದಂಡೆಗೆ ಬರುತ್ತವೆ. ಗಂಡ ಹೆಂಡತಿ ಒಂದು ಕೊಯ್ತೆಯ ಲೆಕ್ಕಕ್ಕೆ ಮುಂಗಡ ಪಡೆದು ಬಂದಿರುತ್ತಾರೆ, ಮಕ್ಕಳು ಜತೆಗಿರುತ್ತಾರೆ. ಹೊಲದ ಬದುವಿನಲ್ಲಿ ಅವರ ಜೋಪಡಿಗಳಿಗೆ ಹೊದಿಸಿರುವುದೂ ಅದೇ ತಾಡಪತ್ರಿ. ಅವರು ಸುದ್ದಿಯಾಗುವುದು ಟ್ರ್ಯಾಕ್ಟರ್ ಮಗುಚಿದಾಗ, ಇಲ್ಲವೆ ಜೋಪಡಿಗೆ ಬೆಂಕಿ ಬಿದ್ದಾಗ. ಆ ವರದಿಗಳಲ್ಲಿ ಅವರಿಗೆ ಇನ್ನೂ ಯಾವ ವಿಶೇಷಣವೂ ಸೇರಿಲ್ಲ. ಊರಿನ ಹೆಸರು ಮತ್ತು ವಯಸ್ಸನ್ನು ಮಾತ್ರ ಬರೆಯುತ್ತಾರೆ.